ಇನ್ನೂರ ಹದಿನಾಲ್ಕರ ಬಿಲ್ಲೆ

ಸಾವರ್ಡೆಯಲ್ಲಿ ಕಂಠೆಪ್ಪನಿಗೆ ಎರಡು ಹೆಸರು. ಎದುರಿಗೆ ಕರೆಯುವುದು ನಕ್ಷೆ ಕಂಠೆಪ್ಪ ಅಂತ. ಬೆನ್ನು ತಿರುಗಿದ ಮೇಲೆ ಆಡುವುದು ಓಡಿಹೋದವನ ಮಗ ಅಂತ. ಮೊದಲನೆಯದನ್ನು ಅವನು ದುಡಿದು ಸಂಪಾದಿಸಿದ್ದ. ಎರಡನೆಯದು ಅವನಿಗೆ ನಾಲ್ಕು ವರ್ಷವಾಗಿದ್ದಾಗಲೇ ಬಂದು ಅಂಟಿಕೊಂಡಿತ್ತು, ಗಣಿಯ ಕೆಂಪು ಧೂಳಿನ ಹಾಗೆ. ಎಷ್ಟು ತಿಕ್ಕಿ ತೊಳೆದರೂ ಉಗುರ ಸಂದಿಯಲ್ಲಿ ಉಳಿದೇ ಇರುತ್ತಿತ್ತು.

ಅವನ ಅಪ್ಪ ಗಣಪ್ಪ ಮುದ್ದೇಬಿಹಾಳದ ಕಡೆಯವನು. ಹೆಂಡತಿ ಯಲ್ಲವ್ವನನ್ನೂ ಕೈಗೂಸನ್ನೂ ಕಟ್ಟಿಕೊಂಡು ಗೋವೆಗೆ ಬಂದು ಅದಿರಿನ ಗಣಿಯಲ್ಲಿ ಕೂಲಿಗೆ ನಿಂತ. ಎಪ್ಪತ್ನಾಲ್ಕನೇ ಇಸವಿಯ ಮಳೆಗಾಲದಲ್ಲಿ ಒಂದು ದಿನ ಅವನೂ, ಪಕ್ಕದ ಜೋಪಡಿಯ ಲಮಾಣಿ ಹೀರಪ್ಪನೂ ಒಟ್ಟಿಗೇ ಕಾಣೆಯಾದರು. ಹೆಂಗಸರು ಅಳುತ್ತಾ ಮುಕಾದಮನ ಹತ್ತಿರ ಹೋದರು. ಕೂಲಿಗಳನ್ನು ಊರಿಂದ ಕರೆತಂದು ಕೆಲಸಕ್ಕೆ ಹಚ್ಚುವವನು ಅವನೇ, ಕ್ಯಾಂಪಿನಲ್ಲಿ ಅವನ ಮಾತೇ ಕಡೆ. "ಇಬ್ಬರೂ ಹಾಜರಿ ಬಿಲ್ಲಿ ಸಮೇತ ರೈಲು ಹತ್ಯಾರ. ಗಣಪ್ಯಾನ್ನ ಸ್ಟೇಷನ್‌ನಾಗ ಕಂಡವರದಾರ. ಮನೀಗ್ ಹೋಗ್ರಿ" ಅಂದ. ಹೆಂಗಸರು ಮನೆಗೆ ಹೋದರು. ಮಾರನೇ ದಿನದಿಂದ ತಲೆಯ ಮೇಲೆ ಅದಿರಿನ ಬುಟ್ಟಿ ಹೊತ್ತರು.

ಹೀರಪ್ಪನ ಹೆಂಡತಿ ಧಾಮಿಬಾಯಿ ಆಗ ಬಸುರಿ. ಅವಳ ಮಗ ಪಾಂಡು ಅಪ್ಪನ ಮುಖ ಕಾಣಲೇ ಇಲ್ಲ. ಅವತ್ತಿನಿಂದ ಇವತ್ತಿನವರೆಗೆ, ಐವತ್ತು ವರ್ಷ, ಧಾಮಿಬಾಯಿ ನಲ್ಲಿಯ ಹತ್ತಿರ ಯಲ್ಲವ್ವನನ್ನು ಕಂಡಾಗಲೆಲ್ಲ ಒಂದೇ ಮಾತು ಆಡಿದಳು: "ನನ್ನಾಂವಗ ಊರ ದಾರಿನೂ ಗೊತ್ತಿರ್ಲಿಲ್ಲ. ನಿನ್ನಾಂವ ಎಳಕೊಂಡು ಹೋದ." ಯಲ್ಲವ್ವ ಒಂದು ಸಲವೂ ಎದುರಾಡಲಿಲ್ಲ. ಕೊಡ ತುಂಬಿಸಿಕೊಂಡು ಬರುತ್ತಿದ್ದಳು, ಅಷ್ಟೇ. ಆದರೂ ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಗೆ ಹೋಗುವುದು ನಿಲ್ಲಲಿಲ್ಲ. ಬೈಗುಳದ ಜೊತೆಗೇ ಸಾರೂ ಬರುತ್ತಿತ್ತು ಅನ್ನಿ.

ಕಂಠೆಪ್ಪ ದೊಡ್ಡವನಾಗಿ ಗಣಿಯ ಸರ್ವೇಯರ್ ಸಾಹೇಬರ ಕೈಕೆಳಗೆ ನೆಲ ಅಳೆಯುವ ಸರಪಳಿ ಹಿಡಿಯುವ ಕೆಲಸಕ್ಕೆ ಸೇರಿದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಆದರೆ ಇಪ್ಪತ್ತು ವರ್ಷ ಸರಪಳಿ ಎಳೆದೂ ಎಳೆದೂ ಕಾಗದದ ಮೇಲಿನ ಗೆರೆ ನೋಡಿದರೆ ಸಾಕು, ಕಾಲಿಗೆ ಏರೋ ಇಳುಕಲೋ ತಿಳಿಯುತ್ತಿತ್ತು. ಗಣಿಗಳು ಬಾಗಿಲು ಹಾಕಿದ ಮೇಲೆ ಈ ವಿದ್ಯೆಯೇ ಅವನಿಗೆ ಅನ್ನವಾಯಿತು. ಧಾಮಿಬಾಯಿಯ ಸೊಸೆ ಲತಾ ಕೋಲ್ವಾ ಬೀಚಿನಲ್ಲಿ ಕನ್ನಡಿ ಹಚ್ಚಿದ ಚೀಲ ಮಾರುತ್ತಾಳೆ. ಅಲ್ಲಿ ಮರಳಿನಲ್ಲಿ ಉಂಗುರ ಹುಡುಕಿಕೊಂಡಿದ್ದ ಒಬ್ಬ ರಷ್ಯಾದವನು ಊರಿಗೆ ಹೊರಟಾಗ ತನ್ನ ಯಂತ್ರವನ್ನು ಅವಳ ನಾಲ್ಕು ಚೀಲಕ್ಕೆ ಬದಲು ಕೊಟ್ಟು ಹೋದ. ಉದ್ದ ಕೋಲು, ತುದಿಗೆ ತಟ್ಟೆ. ನೆಲದಡಿ ಲೋಹವಿದ್ದರೆ ಕೂಗುತ್ತದೆ. "ನಮಗ್ಯಾಕಪ್ಪ ಇದು, ನಾಯಿ ಹಂಗ ಒದರತೈತಿ" ಅಂತ ಲತಾ ಅದನ್ನು ತಂದು ಕಂಠೆಪ್ಪನಿಗೆ ಕೊಟ್ಟಳು.

ಗಣಿಯ ಕಂಪನಿಗಳು ಬಿಟ್ಟುಹೋದ ನೆಲವೆಲ್ಲ ಮತ್ತೆ ಜಮೀನುದಾರರ ಕೈಗೆ ಬಂದಿತ್ತು. ಗೇರು ನೆಡಬೇಕೆಂದರೆ ಒಳಗೆ ಹೂತ ಹಳಿ, ಚಕ್ರ, ಪೈಪು ಅಡ್ಡ ಬಂದು ಜೆಸಿಬಿಯ ಹಲ್ಲು ಮುರಿಯುತ್ತಿದ್ದವು. ಕಂಠೆಪ್ಪನನ್ನು ಕರೆಸುತ್ತಿದ್ದರು. ಅವನು ಕಬ್ಬಿಣ ತೆಗೆದು ನೆಲ ಹಸನು ಮಾಡಿ ಕೊಡುತ್ತಿದ್ದ, ಕಬ್ಬಿಣ ಅವನಿಗೆ. ಬೇರೆಯವರೂ ಇಂಥ ಯಂತ್ರ ತಂದು ಗುಡ್ಡಗುಡ್ಡ ಅಲೆದು ಬರಿಗೈಯಲ್ಲಿ ಬಂದರು. ಕಂಠೆಪ್ಪ ಮೊದಲು ಯಂತ್ರ ಮುಟ್ಟುತ್ತಲೇ ಇರಲಿಲ್ಲ. ಮೊದಲು ಕುಡಚಡೆಯ ರದ್ದಿ ಅಂಗಡಿಗೆ ಹೋಗುತ್ತಿದ್ದ. ಮುಚ್ಚಿದ ಆಫೀಸುಗಳಿಂದ ಬಂದ, ಬಟ್ಟೆ ಹಚ್ಚಿದ ಹಳೆಯ ನಕ್ಷೆಗಳನ್ನು ತೂಕಕ್ಕೆ ತರುತ್ತಿದ್ದ.

"ಫೋನಿನ್ಯಾಗ ನಕ್ಷೆ ಇರೂದಿಲ್ಲೇನು? ಈ ಜಿರಳಿ ತಿಂದದ್ದು ಯಾಕ ಬೇಕು?" ಅಂತ ಹೆಂಡತಿ ಲಕ್ಷ್ಮವ್ವ ಕೇಳಿದರೆ, "ಫೋನಿಗೆ ಇವತ್ತಿಂದಷ್ಟ ಗೊತ್ತು. ನನಗ ಅವತ್ತಿಂದು ಬೇಕು" ಅನ್ನುತ್ತಿದ್ದ.

ಅವನ ರೀತಿ ಇದು: ಹಳೆಯ ನಕ್ಷೆಯಲ್ಲಿಯೂ ಇದ್ದು ಇಂದಿಗೂ ಜಾಗ ಬಿಟ್ಟು ಕದಲದ ಎರಡು ವಸ್ತು ಹಿಡಿಯಬೇಕು. ಹೊಳೆಯ ಮೇಲಿನ ರೈಲು ಸೇತುವೆಯ ಕಂಬ ಒಂದು, ಇಗರ್ಜಿಯ ಮುಂದಿನ ಕಲ್ಲಿನ ಶಿಲುಬೆ ಒಂದು, ಹೀಗೆ. ಎರಡರಿಂದಲೂ ಅಳೆದುಕೊಂಡು ಬಂದರೆ ಎರಡು ಗೆರೆ ಎಲ್ಲಿ ಕೂಡುತ್ತವೋ ಅಲ್ಲಿ ನಕ್ಷೆಯಲ್ಲಿನ ಮನೆ, ಹಳಿ, ತಕ್ಕಡಿ ಶೆಡ್ಡು ಇದ್ದ ನೆಲ. "ಒಂದೇ ಗುರುತು ನಂಬಿ ಗೂಟ ಹೊಡೀಬ್ಯಾಡ" ಅಂತ ಸಾಹೇಬರು ದಿನಕ್ಕೆ ಹತ್ತು ಸಲ ಹೇಳಿ ಅವನ ತಲೆಯೊಳಗೆ ಕೂರಿಸಿದ್ದರು. ಗಂಟು ಹಾಕಿದ ನೈಲಾನ್ ಹಗ್ಗದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಲಕ್ಷ್ಮವ್ವನ ಕೈಯಲ್ಲಿ. ಗಂಡಹೆಂಡತಿಯ ಮಾತುಕತೆಯೆಲ್ಲ ಆ ಹಗ್ಗದ ಎರಡು ತುದಿಯಿಂದ ಕೂಗಿಕೊಂಡೇ ನಡೆಯುತ್ತಿತ್ತು.

ಈ ಸಲ ಕರೆ ಬಂದದ್ದು ಸಾಂಗೆ ರಸ್ತೆಯ ಒಂದು ಇಳಿಜಾರಿನಿಂದ. ಅವನು ಆಡಿ ಬೆಳೆದ ಹಳೆಯ ಕ್ಯಾಂಪಿನಿಂದ ಕೂಗಿದರೆ ಕೇಳುವಷ್ಟು ದೂರ. ರದ್ದಿಯಲ್ಲಿ ಸಿಕ್ಕ ಎಪ್ಪತ್ತೊಂದರ ನಕ್ಷೆಯಲ್ಲಿ ಅಲ್ಲಿ ಟ್ರಾಲಿ ಹಳಿ ತಿರುಗುವ ಒಂದು ಬಿಲ್ಲಿನಂಥ ಗೆರೆ ಇತ್ತು. ಅದರ ನೆತ್ತಿಯ ಮೇಲೆ ಡಂಪು, ಅಂದರೆ ಅದಿರಿನ ಮೇಲಿನ ಬೇಡದ ಮಣ್ಣನ್ನು ತಂದು ಸುರಿದ ಗುಡ್ಡ. ಆ ಡಂಪು ಯಾವುದೋ ಮಳೆಗಾಲದಲ್ಲಿ ಜಾರಿತ್ತು, ಹಳಿ ಅಡಿಗೆ ಹೋಗಿತ್ತು. ಈಗ ಜೆಸಿಬಿ ಬಂದು ಮೇಲಿನ ಮಣ್ಣು ಕೆರೆದು ಹಾಕಿ, ಐವತ್ತು ವರ್ಷದ ಹಿಂದಿನ ನೆಲ ಮತ್ತೆ ಬಿಸಿಲು ಕಂಡಿತ್ತು.

ಬುಧವಾರ ಬೆಳಿಗ್ಗೆ ಅಳತೆ ಹಾಕಿದರು.

"ಹಗ್ಗ ಎಳಿ! ಜೋಲಿ ಬಿದ್ದೈತಿ!" ಅಂತ ಕಂಠೆಪ್ಪ ಕೂಗಿದ.

"ಎಳದು ಎಳದು ನನ್ನ ತೋಳ ಉದ್ದ ಆಗ್ಯಾವ. ಇನ್ನೂ ಎಳದ್ರ ಮಡಗಾಂವದಾಗ ನಿಂತು ಹಿಡೀತೀನಿ" ಅಂತ ಲಕ್ಷ್ಮವ್ವ.

ಗೆರೆ ಕೂಡಿದ ಕಡೆ ಗೂಟ ನೆಟ್ಟು ಯಂತ್ರ ಆಡಿಸಿದ. ಕೂಗಿತು. ಕಬ್ಬಿಣಕ್ಕೆ ಅದು ಗೊಗ್ಗರು ದನಿ ತೆಗೆಯುತ್ತದೆ. ಇದು ಹಾಗಲ್ಲ, ತೆಳ್ಳಗೆ, ಹಿತ್ತಾಳೆಯ ದನಿ. ಒಂದು ಗೇಣು ಅಗೆದ. ಕೆಂಪು ಮಣ್ಣಿನ ಹೆಂಟೆಯೊಳಗೆ ಏನೋ ದುಂಡಗಿನದು. ಲಕ್ಷ್ಮವ್ವ ಸೆರಗಿನಿಂದ ಉಜ್ಜಿ ನೋಡಿದಳು.

"ಬಿಲ್ಲಿ ರೀ. ಮ್ಯಾಲ ನಂಬರ ಐತಿ. ಎರಡು, ಒಂದು, ನಾಕು."

ಕಂಠೆಪ್ಪ ಅವಳ ಕೈಯಿಂದ ಅದನ್ನು ಕಸಿದುಕೊಂಡ. ತಾನೂ ಒಮ್ಮೆ ಓದಿ ತಟ್ಟನೆ ಕೂತುಬಿಟ್ಟ.

ಯಾಕೆಂದು ಹೇಳುತ್ತೇನೆ ಕೇಳಿ. ಆ ಕಾಲದಲ್ಲಿ ಗಣಿಯಲ್ಲಿ ಕೂಲಿಯ ಹೆಸರು ಯಾರಿಗೂ ಬೇಕಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋದಾಗ ಕಿಟಕಿಯಲ್ಲಿ ನಂಬರು ಹೇಳಿ ತೋರಿಸಬೇಕು, ದಿನವೆಲ್ಲ ಬಿಲ್ಲೆಯನ್ನು ಉಡದಾರಕ್ಕೆ ಕಟ್ಟಿಕೊಂಡಿರಬೇಕು, ಸಂಜೆ ತಿರುಗಿ ತೋರಿಸಿದರೆ ಹಾಜರಿ. ಕ್ಯಾಂಪಿನಲ್ಲಿ ಜನ ಒಬ್ಬರನ್ನೊಬ್ಬರು ನಂಬರಿನಿಂದಲೇ ಕರೆಯುತ್ತಿದ್ದರು. ಯಲ್ಲವ್ವ ಇನ್ನೂರ ಹದಿನಾಲ್ಕರ ಹೆಂಡತಿ. ಕಂಠೆಪ್ಪ ಇನ್ನೂರ ಹದಿನಾಲ್ಕರ ಮಗ.

"ನಮ್ಮಪ್ಪ ಓಡಿಹೋಗಿಲ್ಲ" ಅಂದ ಕಂಠೆಪ್ಪ. "ಲಕ್ಷ್ಮವ್ವ, ಅಂವ ಇಲ್ಲೇ ಅದಾನ. ಅವನ ಗ್ಯಾಂಗು ಇದೇ ತಿರುವಿನಾಗ ಕೆಲಸಾ ಮಾಡ್ತಿತ್ತು. ಡಂಪು ಮೈಮ್ಯಾಲ ಬಂದೈತಿ. ಮುಕಾದಮ ಮುಚ್ಚಿ ಹಾಕ್ಯಾನ."

ಯಂತ್ರ ಇನ್ನೂ ಕೂಗುತ್ತಿತ್ತು. ಅದರ ಗುಂಡಿ ಒತ್ತಿ ಬಾಯಿ ಮುಚ್ಚಿಸುವ ನೆನಪೇ ಅವನಿಗೆ ಬರಲಿಲ್ಲ. ಲಕ್ಷ್ಮವ್ವನೇ ಮುಚ್ಚಿಸಿದಳು.

ಮಧ್ಯಾಹ್ನದೊಳಗೆ ವಸತಿಗೆಲ್ಲ ಗೊತ್ತಾಯಿತು. ಕಂಠೆಪ್ಪ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ತೋರಿಸಿದ. ಐವತ್ನಾಲ್ಕು ವರ್ಷದ ಗಂಡಸು, ಶಾಲೆಯಲ್ಲಿ ಬಹುಮಾನ ಬಂದ ಹುಡುಗನ ಹಾಗೆ. ವಸತಿಯ ಹಿರಿಯ ಹುಲಿಗೆಪ್ಪ ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡ. "ಇಷ್ಟು ದಿನ ಸತ್ತಾಂವನ್ನ ಬೈಕೋತ ಕುಂತಿದ್ವಲ್ಲೋ! ಐತವಾರ ಅಲ್ಲಿ ಒಂದು ಕಲ್ಲು ನಿಲ್ಸೂಣು. ಹೆಸರು ನಾ ಬರಸ್ತೀನಿ. ಸೋಮವಾರ ಠಾಣೇಕ್ಕ ಹೋಗಿ ಬರೆಸಿ ಬರೂಣು" ಅಂದ. ಬೆನ್ನ ಹಿಂದೆ ಆಡುತ್ತಿದ್ದವರೆಲ್ಲ ಮುಂದೆ ಬಂದು ಕಂಠೆಪ್ಪನ ಕೈ ಹಿಡಿದರು.

ಯಲ್ಲವ್ವ ಮಾತ್ರ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಒಯ್ದಳು. ಅಳಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದಳು, ಅದರ ತಲೆಯ ಮೇಲಿನ ತೂತನ್ನು ಉಗುರಿನಿಂದ ಮುಟ್ಟಿದಳು, ಮಗನ ಕೈಗೆ ಕೊಟ್ಟು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಪಾಪ, ಎದೆಗೆ ಏಟು ಬಿದ್ದಿದೆ ಅಂದುಕೊಂಡರು ಎಲ್ಲರೂ.

ಗುರುವಾರ ವಸತಿಯ ನಾಲ್ಕು ಹೆಂಗಸರು ಶಾಸ್ತ್ರಕ್ಕೆಂದು ಬಂದರು. ಗಂಡ ಸತ್ತದ್ದು ಐವತ್ತು ವರ್ಷದ ಹಿಂದೆ ಆದರೂ ಗೊತ್ತಾದದ್ದು ಈಗ ತಾನೆ? ಕುಂಕುಮ ಅಳಿಸಬೇಕು, ಬಳೆ ತೆಗೆಯಬೇಕು. ಒಬ್ಬಳು ಮುಂಗೈ ಹಿಡಿದಳೋ ಇಲ್ಲವೋ, ಯಲ್ಲವ್ವ ಹಾವು ತುಳಿದವಳಂತೆ ಕೈ ಕಿತ್ತುಕೊಂಡಳು. "ಮುಟ್ಟಬ್ಯಾಡ್ರಿ ನನ್ನ! ನಡೀರಿ ಎಲ್ಲಾರೂ!" ಹೆಂಗಸರು ಬೆಪ್ಪಾದರು. ಕಂಠೆಪ್ಪನಿಗೆ ನಾಚಿಕೆಯಾಯಿತು.

"ಅತ್ತಿ ಏನೋ ನುಂಗ್ಕೊಂಡು ಕುಂತಾರ ರೀ" ಅಂದಳು ಲಕ್ಷ್ಮವ್ವ. "ಅದು ದುಃಖದ ಮಾರಿ ಅಲ್ಲ."

"ನೀ ಬಾಯಿ ಮುಚ್ಚು" ಅಂದ ಅವನು. ಹಗ್ಗ ಹಿಡಿದ ಇಷ್ಟು ವರ್ಷದಲ್ಲಿ ಅವಳಿಗೆ ಹಾಗೆ ಅಂದದ್ದು ಅದೇ ಮೊದಲು.

ಶುಕ್ರವಾರ ಬೆಳಿಗ್ಗೆ ಧಾಮಿಬಾಯಿ ಬಂದಳು. ಎರಡು ದಿನದಿಂದ ಅವಳ ಬಾಗಿಲು ಹಾಕಿಯೇ ಇತ್ತು. ಬಂದವಳು ಹೊಸಿಲ ಒಳಗೆ ಕೂತು, ಯಲ್ಲವ್ವನ ಎರಡೂ ಪಾದ ಹಿಡಿದಳು.

"ಯಲ್ಲಕ್ಕಾ, ಐವತ್ತು ವರ್ಷ ನಿನ್ನ ಬೈದೆ. ನಿನ್ನ ಗಂಡ ಇಲ್ಲೇ ಮಣ್ಣಾಗ ಇದ್ದ, ನಾ ಅವನ ಹೆಸರಿಗೆ ಮಣ್ಣು ತೂರಿದೆ. ನನ್ನ ನಾಲಿಗಿ ಸುಡಬೇಕು."

"ಕಾಲು ಬಿಡು ಧಾಮಿ."

"ಬಿಡೂದಿಲ್ಲ. ಈಗ ನೋಡಿದ್ರ ಓಡಿಹೋದಾಂವ ನನ್ನಾಂವ ಒಬ್ಬನ. ಇಷ್ಟು ದಿನಾ ನಿನ್ನಾಂವನ ಬೆನ್ನ ಹಿಂದ ಅವನ್ನ ಅಡಗಿಸಿ ಇಟ್ಟಿದ್ದೆ. ಯಾರೋ ಎಳಕೊಂಡು ಹೋದ್ರು, ತಾನಾಗಿ ಹೋಗಲಿಲ್ಲ ಅಂತ ನನಗ ನಾನ ಹೇಳ್ಕೋತಿದ್ದೆ. ಈಗ ಅದೂ ಇಲ್ಲ. ನಾ ಎರಡು ಜೀವದಾಕಿ ಅಂತ ಗೊತ್ತಿದ್ದೂ ಅಂವ ತನ್ನ ಕಾಲಿಲೇ ಹೋದ. ಪಾಂಡುಗ ನಾ ಏನಂತ ಹೇಳ್ಲಿ?"

ಧಾಮಿಬಾಯಿ ಕಣ್ಣೊರೆಸಿಕೊಂಡು ಎದ್ದು ಹೋದಳು. ಅವಳ ಹೆಜ್ಜೆಯ ಸದ್ದು ಅಡಗುವವರೆಗೆ ಕಾದು ಯಲ್ಲವ್ವ ಮಗನನ್ನು ಕರೆದಳು.

"ಕಂಠೆಪ್ಪಾ, ಬಾಗಿಲು ಮುಂದ ಮಾಡು. ನೀ ಎಷ್ಟು ಅಗದಿ ಅಲ್ಲಿ?"

"ಒಂದು ಗೇಣು. ಯಾಕ ಯವ್ವಾ?"

"ಇನ್ನೂ ಅಗಿ. ಅಲ್ಲಿ ಇನ್ನೊಂದು ಬಿಲ್ಲಿ ಇರತೈತಿ. ನೂರಾ ಎಂಬತ್ತೇಳು."

ಕಂಠೆಪ್ಪನಿಗೆ ಅರ್ಥವಾಗಲಿಲ್ಲ. ನೂರ ಎಂಬತ್ತೇಳು ಹೀರಪ್ಪನ ನಂಬರು. "ಇಬ್ಬರೂ ಸತ್ತಾರೇನು ಅಲ್ಲಿ?"

"ಒಬ್ಬನ ಸತ್ತಾನ. ನಿಮ್ಮಪ್ಪ ಅಲ್ಲ."

ಆಮೇಲೆ ಯಲ್ಲವ್ವ ಹೇಳಿದ್ದನ್ನು ಕಂಠೆಪ್ಪ ನಿಂತೇ ಕೇಳಿದ. ಕೂಡಲು ತೋಚಲಿಲ್ಲ.

ಕ್ಯಾಂಪಿನಲ್ಲಿ ಜೋಡಿ ಬಿಲ್ಲೆ ಅಂತ ಒಂದು ರೂಢಿ ಇತ್ತು. ಒಬ್ಬನಿಗೆ ಜ್ವರ ಬಂದರೆ, ಇಲ್ಲ ರಾತ್ರಿ ಕುಡಿದದ್ದು ಬೆಳಿಗ್ಗೆ ಇಳಿಯದಿದ್ದರೆ, ಅವನ ಬಿಲ್ಲೆಯನ್ನು ಜೊತೆಗಾರ ತನ್ನ ಉಡದಾರಕ್ಕೆ ಕಟ್ಟಿಕೊಂಡು ಹೋಗುವುದು. ಕಿಟಕಿಯಲ್ಲಿ ಎರಡು ಸಲ ಎರಡು ದನಿ ಮಾಡಿ ಎರಡು ನಂಬರು ಹೇಳುವುದು. ದಿನದಲ್ಲಿ ಒಂದಷ್ಟು ಹೊತ್ತು ತನ್ನ ಜಾಗದಲ್ಲಿ, ಒಂದಷ್ಟು ಹೊತ್ತು ಅವನ ಜಾಗದಲ್ಲಿ ಮುಖ ತೋರಿಸುವುದು. ಸಿಕ್ಕಿಬಿದ್ದರೆ ಇಬ್ಬರಿಗೂ ಕೆಲಸ ಹೋಗುತ್ತಿತ್ತು. ಕಂಠೆಪ್ಪ ಕೆಲಸಕ್ಕೆ ಸೇರುವ ಹೊತ್ತಿಗೆ ಬಿಲ್ಲೆ ಹೋಗಿ ಹೆಬ್ಬೆಟ್ಟಿನ ರಿಜಿಸ್ಟರು ಬಂದಿತ್ತು. ಹಾಗಾಗಿ ಈ ಸಂಗತಿ ಅವನಿಗೆ ಗೊತ್ತೇ ಇರಲಿಲ್ಲ.

"ನಿಮ್ಮಪ್ಪ ಅವತ್ತು ನಸುಕಿನಾಗ ಲೋಂಡಾಕ್ಕ ಹೋದ. ಅಲ್ಲಿ ಸ್ಟೇಷನ್ ಮುಂದ ಚಹಾ ಮಾರಾಕಿ ಒಬ್ಬಾಕಿ ಇದ್ದಳು. ನನಗ ಗೊತ್ತಿತ್ತು. ಎರಡು ದಿನಕ್ಕ ಬರ್ತೀನಿ, ಬಿಲ್ಲಿ ಹೀರ್ಯಾಗ ಕೊಡು ಅಂದ. ಹಿಂದೂ ಹಂಗ ಹೋಗಿ ಬಂದಿದ್ದ. ನಾನ ಹೋಗಿ ಹೀರಪ್ಪಗ ಕೊಟ್ಟೆ. ಈ ಕೈಲೆ. ಅಂವ ನಕ್ಕೋತ ಉಡದಾರಕ್ಕ ಕಟ್ಕೊಂಡ. ಅವನ ಕೆಲಸ ಮ್ಯಾಲ ಲಾರಿ ತುಂಬೂ ಕಡೆ. ಆ ತಿರುವಿಗೆ ಅಂವ ಯಾಕ ಇಳೀತಾನ? ನಿಮ್ಮಪ್ಪನ ಜಾಗಾ ತುಂಬಾಕ ಇಳದಾನ."

"ಮುಕಾದಮ ಹೇಳಿದಾಗ ನೀ ಯಾಕ ಬಾಯಿ ತೆಗೀಲಿಲ್ಲ?"

"ನಿಮ್ಮಪ್ಪನ್ನ ಸ್ಟೇಷನ್‌ನಾಗ ಕಂಡವರದಾರ ಅಂದ. ಅದು ಖರೇನ ಇತ್ತಲ್ಲೋ. ಹಂಗಾರ ಹೀರಪ್ಪನೂ ಹಿಂದಿಂದ ಹೋಗಿರಬೇಕು ಅಂತ ನಂಬಿದೆ. ಜೋಡಿ ಬಿಲ್ಲಿ ಮಾತು ಆಡಿದ್ರ ನನ್ನೂ ಕ್ಯಾಂಪಿನಿಂದ ಹೊರಗ ಹಾಕ್ತಿದ್ರು. ನೀ ಸಣ್ಣಾಂವ."

"ಅವತ್ತ ಡಂಪು ಜಾರಿದ್ದು ನಿನಗ ಗೊತ್ತಿತ್ತಲ್ಲ? ಒಮ್ಮಿನೂ ಅನುಮಾನ ಬರ್ಲಿಲ್ಲ?"

ಯಲ್ಲವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಬರತಿತ್ತು. ಬಂದಾಗೊಮ್ಮಿ ಏನರ ಕೆಲಸಾ ಹಚ್ಕೋತಿದ್ದೆ. ಭಾಂಡಿ ತಿಕ್ಕತಿದ್ದೆ. ನಮ್ಮ ಮನ್ಯಾಗ ಭಾಂಡಿ ಯಾವಾಗ್ಲೂ ಫಳಫಳ ಹೊಳೀತಾವ ಅಂತ ಧಾಮೀನ ಹೊಗಳತಿದ್ದಳು."

ಕಂಠೆಪ್ಪ ಅಂಗೈ ನೋಡಿಕೊಂಡ. ಮೂರು ದಿನದಿಂದ ಬಿಲ್ಲೆ ಹಿಡಿದೂ ಹಿಡಿದೂ ಅಲ್ಲಿ ಒಂದು ದುಂಡನೆಯ ಕಪ್ಪು ಕಲೆ ಬಿದ್ದಿತ್ತು. ಮೂರೇ ಮೂರು ದಿನ ಅವನು ಒಬ್ಬ ಮರ್ಯಾದಸ್ಥನ ಮಗನಾಗಿದ್ದ. ನೆಟ್ಟಗೆ ನಡೆದಿದ್ದ. ಹೋಟೆಲಿನಲ್ಲಿ ನಡುವಿನ ಬೆಂಚಿನ ಮೇಲೆ ಕೂತು ಚಹಾ ಕುಡಿದಿದ್ದ.

"ಯವ್ವಾ" ಅಂದ ಮೆಲ್ಲಗೆ, "ಇದು ನಿನಗ ನನಗ ಬಿಟ್ರ ಯಾರಿಗೂ ಗೊತ್ತಿಲ್ಲ."

"ಇಲ್ಲ."

"ಐತವಾರ ಕಲ್ಲು ಕುಂದ್ರಿಸಿ ಬಿಟ್ರ ಮುಗೀತು. ಐವತ್ತು ವರ್ಷ ಆತು. ಯಾರಿಗೇನಾಗತೈತಿ?"

ಯಲ್ಲವ್ವ ಮಗನ ಮುಖವನ್ನೇ ನೋಡಿದಳು. "ನನ್ನ ಕೇಳಬ್ಯಾಡ. ನಾ ಭಾಂಡಿ ತಿಕ್ಕಿ ಈ ವಯಸ್ಸಿಗೆ ಬಂದೀನಿ" ಅಂದಳು.

ಶನಿವಾರ ಬೆಳಿಗ್ಗೆ ಕಂಠೆಪ್ಪ ಒಬ್ಬನೇ ಇಳಿಜಾರಿಗೆ ಹೊರಟ. ಲಕ್ಷ್ಮವ್ವ ಕೇಳದೆಯೇ ಹಿಂದೆ ಬಂದಳು. ದಾರಿಯಲ್ಲಿ ಅವಳಿಗೆ ಎಲ್ಲ ಹೇಳಿದ. ಅವನ ಮನಸ್ಸು ದಾರಿಯುದ್ದಕ್ಕೂ ಅಮ್ಮನ ಮಾತು ಸುಳ್ಳಾಗಲಿ ಅಂತ ಬೇಡಿಕೊಳ್ಳುತ್ತಿತ್ತು. ಮುದುಕಿ, ಮರೆವು, ಏನೋ ಕಲಸಿಕೊಂಡಿರಬಹುದು. ಇಲ್ಲವೆ ಇಬ್ಬರೂ ಅಲ್ಲೇ ಸತ್ತಿರಬಹುದು, ಎರಡು ಕಡೆ ಎರಡು ಬಿಲ್ಲೆ ಸಿಗಬಹುದು. ಹಾಗೇ ಆಗಲಿ, ದೇವರೆ. ಇಪ್ಪತ್ತು ವರ್ಷ ಎರಡು ಗುರುತು ಹಿಡಿದು ಅಳೆದವನು, ಅಪ್ಪನ ವಿಷಯಕ್ಕೆ ಬಂದಾಗ ಒಂದೇ ಗುರುತು ಕಂಡು ಗೂಟ ಹೊಡೆದುಬಿಟ್ಟಿದ್ದ. ಆ ನಾಚಿಕೆಯೂ ಜೊತೆಗಿತ್ತು.

ಯಂತ್ರ ಹಚ್ಚಿದ. ಅದೇ ಗುಂಡಿಯ ಮೇಲೆ, ಅದೇ ತೆಳ್ಳಗಿನ ದನಿ. ಕೈಯಿಂದಲೇ ಮಣ್ಣು ಬಿಡಿಸಿದ. ನಾಲ್ಕು ಬೆರಳು ಕೆಳಗೆ ಇನ್ನೊಂದು ಬಿಲ್ಲೆ. ಒಂದು, ಎಂಟು, ಏಳು. ಅದರ ತೂತಿನಲ್ಲಿ ಹಸಿರುಗಟ್ಟಿದ ತಾಮ್ರದ ತಂತಿಯ ತುಂಡು. ಕಂಠೆಪ್ಪ ಜೇಬಿನಿಂದ ಅಪ್ಪನ ಬಿಲ್ಲೆ ತೆಗೆದ. ಅದರ ತೂತಿನ ಒಳಗೂ ಹಸಿರು, ಮುರಿದ ತಂತಿಯ ಕೊನೆ. ಎರಡನ್ನೂ ಪಕ್ಕಪಕ್ಕ ಹಿಡಿದ. ತಂತಿಯ ಮುರಿದ ತುದಿಗಳು ಒಂದಕ್ಕೊಂದು ಕೂತವು.

ಪಕ್ಕದಲ್ಲಿ ಅಂಗಿಯದೊಂದು ಹಿತ್ತಾಳೆಯ ಗುಂಡಿ ಇತ್ತು, ಚಿಲುಮೆಯ ಒಂದು ಚೂರು ಇತ್ತು. ಮೂಳೆ ಕಾಣಲಿಲ್ಲ. ಆ ಕೆಂಪು ಮಣ್ಣು ಐವತ್ತು ಮಳೆಗಾಲದಲ್ಲಿ ಅದನ್ನೆಲ್ಲ ತಿಂದು ತನ್ನದೇ ಬಣ್ಣ ಮಾಡಿಕೊಂಡಿತ್ತು.

"ನಮ್ಮಪ್ಪ" ಅಂದ ಕಂಠೆಪ್ಪ. ಒಬ್ಬ ಮನುಷ್ಯ ಅವನ ಅಪ್ಪನ ಜಾಗದಲ್ಲಿ ನಿಂತು, ಅವನ ಅಪ್ಪನ ನಂಬರು ಸೊಂಟಕ್ಕೆ ಕಟ್ಟಿಕೊಂಡು ಸತ್ತಿದ್ದ. ಅಪ್ಪ ಎಲ್ಲೋ ಚಹಾ ಕುಡಿಯುತ್ತಾ ಕೂತಿದ್ದ. ಸುದ್ದಿ ಮುಟ್ಟಿರಲೂಬಹುದು. ಮುಟ್ಟಿದ ಮೇಲೆ ಯಾವ ಮುಖ ಹೊತ್ತು ಬರುತ್ತಾನೆ?

ಲಕ್ಷ್ಮವ್ವ ಎರಡೂ ಬಿಲ್ಲೆಗಳ ಮಣ್ಣು ಸೆರಗಿನಿಂದ ಒರೆಸಿದಳು. "ಪಾಂಡು ನಿಮ್ಮನ್ನ ಅಣ್ಣಾ ಅಂತಾನ. ಅಷ್ಟ ಹೇಳ್ತೀನಿ" ಅಂದಳು.

ಅಲ್ಲಿಂದ ಅವನು ನೇರ ಧಾಮಿಬಾಯಿಯ ಮನೆಗೆ ನಡೆದ. ಯಲ್ಲವ್ವ ಆಗಲೇ ಅಲ್ಲಿ ಕಟ್ಟೆಯ ಮೇಲೆ ಕೂತಿದ್ದಳು. ಮಗ ಎರಡು ಬಿಲ್ಲೆಗಳನ್ನು ಅವಳ ಮಡಿಲಿಗೆ ಹಾಕಿದ. ಹೇಳಬೇಕಾದ್ದನ್ನು ಅವಳೇ ಹೇಳಿದಳು, ಒಂದನ್ನೂ ಬಿಡದೆ. ಲೋಂಡಾದ ಹೆಂಗಸನ್ನೂ ಬಿಡಲಿಲ್ಲ, ಭಾಂಡಿಯನ್ನೂ ಬಿಡಲಿಲ್ಲ.

ಧಾಮಿಬಾಯಿ ಚೀಲಕ್ಕೆ ಕನ್ನಡಿ ಹೊಲಿಯುತ್ತಿದ್ದಳು. ಸೂಜಿ ಬಟ್ಟೆಯೊಳಗೇ ನಿಂತಿತು.

"ನಿನ್ನ ಕೈಲೆ ಕೊಟ್ಟಿ?"

"ನನ್ನ ಕೈಲೆ."

"ಅಂವ ಏನರ ಅಂದನೇನು?"

"ಎರಡು ಬಿಲ್ಲಿ ಭಾರಕ್ಕ ಇವತ್ತು ನನ್ನ ಧೋತರ ಜಾರತೈತಿ ಅಂದು ನಕ್ಕ."

ಧಾಮಿಬಾಯಿಯ ಮುಖದ ಮೇಲೆ ಏನೋ ಹಾದುಹೋಯಿತು. ಆ ಮಾತು ಅವನದೇ, ಅವಳಿಗೆ ಗುರುತು ಸಿಕ್ಕಿತು. ನೂರ ಎಂಬತ್ತೇಳನ್ನು ಎತ್ತಿಕೊಂಡಳು. ಇನ್ನೊಂದನ್ನು ಬೆರಳ ತುದಿಯಿಂದ ತಳ್ಳಿದಳು. "ಇದು ನಿಂದು, ನೀ ಇಟ್ಕೋ." ಆಮೇಲೆ ಕಂಠೆಪ್ಪನ ಕಡೆ ತಿರುಗಿದಳು. "ಕಂಠ್ಯಾ, ನಾಳೆ ಊರ ಮಂದಿ ಬರತೈತಿ. ಯಾರು ಸತ್ತಾರ, ಯಾರ ಕೆಲಸಕ್ಕ ನಿಂತು ಸತ್ತಾರ, ನೀ ಹೇಳತೀಯೋ? ನಾ ಹೇಳ್ಲೋ?"

"ನಾ ಹೇಳ್ತೀನಿ ಮಾವಶಿ" ಅಂದ ಕಂಠೆಪ್ಪ.

ಭಾನುವಾರ ವಸತಿಯೆಲ್ಲ ಇಳಿಜಾರಿನಲ್ಲಿ ನೆರೆಯಿತು. ಹುಲಿಗೆಪ್ಪ ಹಾರ ತಂದಿದ್ದ, ಕುಡಚಡೆಯ ಪೇಂಟರನಿಂದ ಗಣಪ್ಪನ ಹೆಸರು ಬರೆಸಿದ ಕಲ್ಲು ತಂದಿದ್ದ. ಕಂಠೆಪ್ಪ ಗುಂಡಿಯ ಪಕ್ಕ ನಿಂತು ಹೇಳಿದ. ದೊಡ್ಡ ದನಿಯಲ್ಲಿ ಹೇಳಲಾಗಲಿಲ್ಲ, ಆದರೆ ಕಡೆಯ ಸಾಲಿನವರಿಗೂ ಕೇಳಿತು. ಪಾಂಡು ಎರಡೂ ಕೈಯಿಂದ ತಲೆ ಹಿಡಿದುಕೊಂಡು ನಿಂತಿದ್ದ.

"ಕಲ್ಲಿನ ಮ್ಯಾಲ ಹೆಸರು ಬರಿಸೇನಲ್ಲೋ!" ಅಂದ ಹುಲಿಗೆಪ್ಪ, ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ.

"ಬೋರಲ ಹಾಕು ಕಾಕಾ" ಅಂದ ಕಂಠೆಪ್ಪ.

ಕಲ್ಲು ಮಗುಚಿ ಬಿತ್ತು. ಧಾಮಿಬಾಯಿ ನಿಧಾನಕ್ಕೆ ಬಂದು ಅದರ ಮೇಲೆಯೇ ಕೂತಳು, ಗುಂಡಿಯ ಕಡೆ ಮುಖ ಮಾಡಿ. ತನ್ನ ಲಮಾಣಿ ಮಾತಿನಲ್ಲಿ ಶುರು ಮಾಡಿದಳು. ಮೊದಲು ಮೆಲ್ಲಗೆ, ಆಮೇಲೆ ದನಿ ಏರಿತು, ಕೈಯೂ ಏರಿತು. ಅಳುತ್ತಿದ್ದಾಳೆ, ಹಾಡಿಕೊಂಡು ಅಳುತ್ತಿದ್ದಾಳೆ ಅಂದುಕೊಂಡು ಹೆಂಗಸರು ಸೆರಗು ಬಾಯಿಗೆ ಹಚ್ಚಿದರು.

ಕಂಠೆಪ್ಪ ಲತಾಳನ್ನು ಕೇಳಿದ, "ಏನಂತಾಳವ್ವಾ ಮಾವಶಿ?"

"ಬೈಯಾಕತ್ತಾಳ ಭಾವಾ" ಅಂದಳು ಲತಾ. ಅವಳಿಗೂ ನಂಬಿಕೆ ಬಂದಂತಿರಲಿಲ್ಲ. "ಮನ್ಯಾಗ ಬಸುರಿ ಹೆಂಡ್ತೀನ ಬಿಟ್ಟು ಮಂದಿ ಬಿಲ್ಲಿ ಕಟ್ಕೊಂಡು ಹೋಗಾಕ ನಿನಗೇನು ಬುದ್ಧಿ ಇರಲಿಲ್ಲೇನು ಅಂತ. ಕೇಳಿದವರಿಗೆ ಒಲ್ಲೆ ಅನ್ನೂದು ಯಾವಾಗ ಕಲೀತಿ ಅಂತ. ರೊಟ್ಟಿ ಕಟ್ಟಿಟ್ಟಿದ್ದೆ, ಅದನ್ನೂ ಬಿಟ್ಟು ಹೋದಿ ಅಂತ."

ಬೈಗುಳ ಬಹಳ ಹೊತ್ತು ನಡೆಯಿತು. ಐವತ್ತು ವರ್ಷದ್ದಲ್ಲವೆ? ಕಡೆಗೆ ಧಾಮಿಬಾಯಿ ಉಸಿರಿಗಾಗಿ ನಿಂತಳು. ತಿರುಗಿ ನೋಡಿದಳು. ದೂರದಲ್ಲಿ, ಗುಂಪಿನಿಂದ ಆಚೆ, ಬಿಸಿಲಿನಲ್ಲಿ ಯಲ್ಲವ್ವ ಒಬ್ಬಳೇ ನಿಂತಿದ್ದಳು. ಮುಂದೆ ಬರಲು ಧೈರ್ಯವಿಲ್ಲ, ಹಿಂದೆ ಹೋಗಲು ಮನಸ್ಸಿಲ್ಲ.

"ಅಲ್ಲೇನು ಗೂಟದಂಗ ನಿಂತಿ?" ಅಂತ ಧಾಮಿಬಾಯಿ ಕನ್ನಡದಲ್ಲಿ ಕೂಗಿದಳು. ಕಲ್ಲಿನ ಮೇಲೆ ಒಂದು ಮಗ್ಗುಲಿಗೆ ಸರಿದಳು. "ಬಾ, ಕೂಡು. ನಿನ್ನಾಂವಗೂ ಬೈಯೋದೈತಿ. ಅದು ನನ್ನೊಬ್ಬಾಕಿ ಕೈಲೆ ಆಗೂದಿಲ್ಲ."